ಬೆಕ್ಕಿಗೆ ಚೆಲ್ಲಾಟ

ಪೊಲೀಸರು ಯಾರನ್ನೋ ಹಿಡಿದರು ಅಂತ ಸುದ್ದಿ ಬಂದಾಗ ಅದರ ಕೆಳಗಿನ ಕಾಮೆಂಟುಗಳನ್ನು ಒಮ್ಮೆ ಓದಿ ನೋಡಿ. "ಚೆನ್ನಾಗಿ ರುಬ್ಬಿ ಸಾರ್." "ಏರೋಪ್ಲೇನ್ ಹತ್ತಿಸಿ." "ಮೂಳೆ ಮುರೀರಿ, ಆದ್ರೆ ವಿಡಿಯೋ ಹಾಕೋದು ಮರೀಬೇಡಿ."

ಈ ಕೊನೆಯ ಮಾತು ನನ್ನನ್ನು ಕೆಲವು ದಿನದಿಂದ ಕೊರೆಯುತ್ತಿದೆ. ತಪ್ಪು ಮಾಡಿದವನಿಗೆ ಶಿಕ್ಷೆ ಆಗಲಿ ಅನ್ನುವುದು ಬೇರೆ. ಅವನು ಕಿರುಚುವುದನ್ನು ನಾನು ನೋಡಬೇಕು ಅನ್ನುವುದು ಬೇರೆ. ಇನ್ನೂ ಕೋರ್ಟು ಮುಟ್ಟದ ಮನುಷ್ಯ, ತಪ್ಪು ಮಾಡಿದ್ದಾನೋ ಇಲ್ಲವೋ ಅದೂ ಗೊತ್ತಿಲ್ಲ. ಅಷ್ಟರಲ್ಲೇ ಸಾವಿರಾರು ಜನಕ್ಕೆ ಅವನ ನೋವು ಕಣ್ಣಾರೆ ಬೇಕು. ಇವರೆಲ್ಲ ರಾಕ್ಷಸರಾ? ಅಲ್ಲ. ಬೆಳಗ್ಗೆ ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಆಫೀಸಿಗೆ ಹೋಗುವವರು.

ಹಾಗಾದರೆ ಬೇರೆಯವರ ನೋವಿನಲ್ಲಿ ಖುಷಿ ಪಡುವವರು ನಮ್ಮ ನಡುವೆ ಎಷ್ಟು ಜನ ಇದ್ದಾರೆ? ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಅಂಥ ವಿಕೃತರು ಲಕ್ಷಕ್ಕೊಬ್ಬರು ಅನ್ನುವವರಿದ್ದಾರೆ. ಮನುಷ್ಯ ಜಾತಿಯೇ ಹಾಗೆ, ಅವಕಾಶ ಸಿಕ್ಕರೆ ಎಲ್ಲರೂ ಅಷ್ಟೇ ಅನ್ನುವವರೂ ಇದ್ದಾರೆ. ನನಗೆ ಎರಡೂ ಒಪ್ಪಿಗೆ ಇಲ್ಲ. ಮೊದಲನೆಯದು ನಮ್ಮನ್ನು ಪಕ್ಕಕ್ಕೆ ಇಟ್ಟುಬಿಡುತ್ತದೆ. ಎರಡನೆಯದು ಹೊಡೆದವನನ್ನೇ ಬಿಟ್ಟುಬಿಡುತ್ತದೆ.

2013ರಲ್ಲಿ ಮನಶ್ಶಾಸ್ತ್ರಜ್ಞರಾದ ಎರಿನ್ ಬಕಲ್ಸ್, ಡೆಲ್‌ರಾಯ್ ಪೌಲಸ್ ಮತ್ತೆ ಅವರ ಜೊತೆಗಾರರು ಕೆನಡಾದಲ್ಲಿ ಮಾಡಿದ ಒಂದು ಪ್ರಯೋಗ ಪ್ರಕಟವಾಯಿತು. ಕಾಲೇಜು ಹುಡುಗ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕರೆದು ನಾಲ್ಕು ಕೆಲಸ ಮುಂದಿಟ್ಟರು. ಐಸ್ ನೀರಿನಲ್ಲಿ ಕೈ ಅದ್ದಿ ನೋವು ತಡೆದುಕೊಳ್ಳಬಹುದು. ಗಲೀಜು ಟಾಯ್ಲೆಟ್ ತೊಳೆಯಬಹುದು. ಹುಳ ಕೊಲ್ಲುವವರಿಗೆ ಕೈಜೋಡಿಸಬಹುದು. ಇಲ್ಲ ಅಂದರೆ ತಾವೇ ಹುಳ ಕೊಲ್ಲಬಹುದು. ಅದಕ್ಕೆ ಕಾಫಿ ಬೀಜ ಪುಡಿ ಮಾಡುವ ಮಿಷನ್ನಿನಂಥದ್ದು ಒಂದಿತ್ತು. ಹುಳಗಳನ್ನು ಪುಟ್ಟ ಕಪ್ಪುಗಳಲ್ಲಿ ಇಟ್ಟಿದ್ದರು, ಒಂದೊಂದಕ್ಕೂ ಮುದ್ದು ಹೆಸರು, ಮಫಿನ್, ಐಕ್, ಟೂಟ್ಸಿ. ಒಳಗೆ ತಡೆ ಇದ್ದಿದ್ದರಿಂದ ನಿಜಕ್ಕೂ ಯಾವ ಹುಳವೂ ಸಾಯಲಿಲ್ಲ, ಆದರೆ ಅದು ಅವರಿಗೆ ಗೊತ್ತಿರಲಿಲ್ಲ. ನಾಲ್ಕರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಜನ ತಾವೇ ಕೊಲ್ಲುತ್ತೇವೆ ಅಂದರು. ಕ್ರೌರ್ಯದಲ್ಲಿ ಖುಷಿ ಪಡುವ ಸ್ವಭಾವವನ್ನು ಅಳೆಯುವ ಪ್ರಶ್ನೆಪಟ್ಟಿಯಲ್ಲಿ ಜಾಸ್ತಿ ಅಂಕ ಬಂದಿದ್ದೂ ಇವರಿಗೇ.

ಹುಳ ತಾನೇ, ಅಂತ ನನಗೂ ಅನಿಸಿತು. ಆದರೆ ಅವರ ಇನ್ನೊಂದು ಪ್ರಯೋಗ ಇದೆ. ಏನೂ ತಪ್ಪು ಮಾಡದ, ತಿರುಗಿ ಏನೂ ಮಾಡದ ಒಬ್ಬ ವ್ಯಕ್ತಿಯ ಕಿವಿಗೆ ಕರ್ಕಶ ಶಬ್ದ ಬಿಡುವ ಅವಕಾಶ. ಆ ಅವಕಾಶ ಬೇಕಾದರೆ ಮೊದಲು ಸುಮ್ನೆ ಅಕ್ಷರ ಎಣಿಸುವ ಬೇಸರದ ಕೆಲಸ ಮಾಡಬೇಕು. ಬೇರೆಯವರು ಯಾರಿಗೂ ಅಷ್ಟು ಉಮೇದು ಇರಲಿಲ್ಲ. ನೋವು ಕೊಡುವುದರಲ್ಲಿ ಖುಷಿ ಇರುವವರು ಮಾತ್ರ ಕೂತು ಎಣಿಸಿದರು. ಅಂದರೆ ಸಿಟ್ಟಿಲ್ಲ, ಸೇಡಿಲ್ಲ, ಲಾಭ ಇಲ್ಲ. ಬೆವರು ಸುರಿಸಿ ಸಂಪಾದಿಸಿಕೊಂಡ ಖುಷಿ ಅದು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತ ನಮ್ಮ ಹಿರಿಯರು ಅಂದಿದ್ದು ಇದನ್ನೇ. ಆ ಗಾದೆಯಲ್ಲಿರುವ ಬೆಕ್ಕಿಗೆ ಹಸಿವಿಲ್ಲ, ಗಮನಿಸಿ.

ಈಗ ಇನ್ನೊಂದು ಕಡೆ ನೋಡೋಣ. ಸ್ಟ್ಯಾನ್ಲಿ ಮಿಲ್‌ಗ್ರಾಂ ಅವರ ಕರೆಂಟ್ ಶಾಕ್ ಪ್ರಯೋಗ ನೀವು ಕೇಳಿರುತ್ತೀರಿ, 1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಶುರುವಾಗಿದ್ದು. ಉತ್ತರ ತಪ್ಪಿದಾಗೆಲ್ಲ ಪಕ್ಕದ ಕೋಣೆಯಲ್ಲಿದ್ದವನಿಗೆ ಶಾಕ್ ಕೊಡಬೇಕು, ಪ್ರತಿ ಸಲ ವೋಲ್ಟ್ ಏರಿಸಬೇಕು. ಶಾಕ್ ನಿಜದ್ದಲ್ಲ, ಆದರೆ ಕೊಡುವವರಿಗೆ ಅದು ಗೊತ್ತಿಲ್ಲ. ಕೋಟು ಹಾಕಿದವನೊಬ್ಬ ಪಕ್ಕದಲ್ಲಿ ನಿಂತು "ಮುಂದುವರಿಸಿ" ಅಂದರೆ 40 ಜನರಲ್ಲಿ 26 ಮಂದಿ ಕೊನೆಯ 450 ವೋಲ್ಟ್ ತನಕ ಹೋದರು. ಎಲ್ಲರೂ ಹೇಳುವುದು ಇಷ್ಟೇ. ಇದೇ ಪ್ರಯೋಗದ ಇನ್ನೊಂದು ರೂಪದ ಬಗ್ಗೆ ಯಾರೂ ಮಾತಾಡುವುದಿಲ್ಲ. ಅದರಲ್ಲಿ ಎಷ್ಟು ವೋಲ್ಟ್ ಕೊಡಬೇಕು ಅನ್ನುವುದನ್ನು ಅವರಿಗೇ ಬಿಟ್ಟರು. ಆಗ 40ರಲ್ಲಿ 38 ಮಂದಿ 150 ವೋಲ್ಟ್ ದಾಟಲಿಲ್ಲ. ಹೆಚ್ಚಿನವರು ತೀರಾ ಕೆಳಗೇ ನಿಂತರು. ಕೊನೆಯ ಸ್ವಿಚ್ಚು ಒತ್ತಿದ್ದು ಒಬ್ಬನೇ ಒಬ್ಬ.

ನಲವತ್ತರಲ್ಲಿ ಒಬ್ಬ. ಇದನ್ನು ಇಡೀ ಜಗತ್ತಿನ ಲೆಕ್ಕ ಅಂತ ತೆಗೆದುಕೊಳ್ಳಬೇಡಿ, ಅದು ಒಂದು ಕೋಣೆಯ ಲೆಕ್ಕ. ಆದರೂ ನನಗೆ ಇದರಲ್ಲಿ ಸಮಾಧಾನವೂ ಇದೆ, ಭಯವೂ ಇದೆ. ಸಮಾಧಾನ ಏಕೆಂದರೆ, ತಮ್ಮ ಪಾಡಿಗೆ ಬಿಟ್ಟರೆ ಜನ ಇನ್ನೊಬ್ಬರನ್ನು ಹಿಂಸಿಸಲು ಹೋಗುವುದಿಲ್ಲ. ಭಯ ಏಕೆಂದರೆ, ಆ ಒಬ್ಬನ ಕೈಗೆ ಅಧಿಕಾರ ಸಿಕ್ಕರೆ ಉಳಿದವರಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಅವನ ಮಾತು ಕೇಳುತ್ತಾರೆ.

ನಮ್ಮ ಬೆಂಗಳೂರಿಗೇ ಬರೋಣ. 1976ರ ಮೇ 1, ತುರ್ತುಪರಿಸ್ಥಿತಿಯ ಕಾಲ. ಜಾರ್ಜ್ ಫರ್ನಾಂಡಿಸ್ ಭೂಗತರಾಗಿದ್ದರು. ಅವರು ಸಿಗಲಿಲ್ಲ ಅಂತ ಪೊಲೀಸರು ಅವರ ತಮ್ಮ ಲಾರೆನ್ಸ್ ಫರ್ನಾಂಡಿಸರನ್ನು ಎತ್ತಿಕೊಂಡು ಹೋದರು. ಅಣ್ಣ ಎಲ್ಲಿ ಅನ್ನುವುದು ಒಂದೇ ಪ್ರಶ್ನೆ. ತಾಯಿ ಆಲಿಸ್ ಆಮೇಲೆ ರಾಷ್ಟ್ರಪತಿಗೆ ಒಂದು ಪತ್ರ ಬರೆದರು. ಲಾಠಿಗಳು ತುಂಡಾಗುವ ತನಕ ಹೊಡೆದರು, ಆಮೇಲೆ ಆಲದ ಬಿಳಲು ತಂದು ಅದರಲ್ಲೂ ಹೊಡೆದರು, ಬೂಟುಗಾಲಲ್ಲಿ ಒದ್ದರು, ಕೊಳಕು ಬೈಗುಳ ಬೈದರು ಅಂತ ಅದರಲ್ಲಿದೆ. ಆಲದ ಬಿಳಲು. ನಾವು ಚಿಕ್ಕವರಿದ್ದಾಗ ಜೋತಾಡುತ್ತಿದ್ದೆವಲ್ಲ, ಅದು. ಯಾರೋ ಒಬ್ಬ ಎದ್ದು ಹೋಗಿ, ಮರ ಹುಡುಕಿ, ಕೈಗೆ ಹಿಡಿತ ಸಿಗುವಂಥದ್ದನ್ನು ಆರಿಸಿ ತಂದಿದ್ದಾನೆ. ಮಾಹಿತಿ ಬೇಕಾದವನು ಲಾಠಿ ಮುರಿದ ಮೇಲೆ ಒಂದು ಗಳಿಗೆ ನಿಂತು ಯೋಚನೆ ಮಾಡುತ್ತಾನೆ. ಇವನು ಮರ ಹುಡುಕಿಕೊಂಡು ಹೋದ.

ಅದೇ ತಿಂಗಳು ನಟಿ ಸ್ನೇಹಲತಾ ರೆಡ್ಡಿಯವರೂ ಬೆಂಗಳೂರು ಸೆಂಟ್ರಲ್ ಜೈಲು ಸೇರಿದರು. ಆಸ್ತಮಾ ಇತ್ತು. ಸರಿಯಾದ ಚಿಕಿತ್ಸೆ ಸಿಗಲಿಲ್ಲ. ಅಂಥ ಸ್ಥಿತಿಯಲ್ಲೂ ಜೈಲಿನ ಬೇರೆ ಹೆಂಗಸರಿಗೆ ಹೊಡೆಯುವುದನ್ನು ಅವರು ಎದುರಿಸಿ ಮಾತಾಡಿದರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು. ಐದೇ ದಿನಕ್ಕೆ ಹೋಗಿಬಿಟ್ಟರು. ಇಲ್ಲಿ ಯಾರೂ ಬಿಳಲು ಹುಡುಕಬೇಕಿರಲಿಲ್ಲ. ಉಸಿರಿಗಾಗಿ ಒದ್ದಾಡುವವರನ್ನು ನೋಡಿಕೊಂಡು ಫೈಲು ತಡ ಮಾಡಿದರೆ ಸಾಕಿತ್ತು.

ಅಧಿಕಾರದಲ್ಲಿರುವವರ ಕ್ರೌರ್ಯ ಹೆಚ್ಚಾಗಿ ಹೀಗೇ ಇರುತ್ತದೆ, ಮುಖದಲ್ಲಿ ನಗು ಕಾಣುವುದಿಲ್ಲ. 2002ರ ಡಿಸೆಂಬರ್‌ನಲ್ಲಿ ಅಮೆರಿಕದ ರಕ್ಷಣಾ ಮಂತ್ರಿ ಡೊನಾಲ್ಡ್ ರಮ್ಸ್‌ಫೆಲ್ಡ್ ಮುಂದೆ ಒಂದು ಕಡತ ಬಂತು. ಕ್ಯೂಬಾದಲ್ಲಿರುವ ಅಮೆರಿಕದ ಸೇನಾ ಜೈಲು ಗ್ವಾಂಟನಾಮೊದ ಕೈದಿಗಳ ವಿಚಾರಣೆ ಹೇಗೆ ಮಾಡಬೇಕು ಅನ್ನುವ ಪಟ್ಟಿ. 4 ಗಂಟೆಯವರೆಗೆ ನಿಲ್ಲಿಸುವುದೂ ಅದರಲ್ಲಿ ಒಂದು. ಅವರು ಸಹಿ ಹಾಕಿ, ಕೆಳಗೆ ಕೈಬರಹದಲ್ಲಿ ಬರೆದರು, ನಾನು ದಿನಕ್ಕೆ 8ರಿಂದ 10 ಗಂಟೆ ನಿಂತೇ ಇರುತ್ತೇನೆ, ಇವರಿಗೇಕೆ 4 ಗಂಟೆ ಮಾತ್ರ? ತನ್ನ ಆಫೀಸಿನಲ್ಲಿ, ತನಗೆ ಬೇಕಾದಾಗ ಕೂರಬಹುದಾದ ಮನುಷ್ಯ, ಕೂರಲು ಬಿಡದೆ ನಿಲ್ಲಿಸಿದವನ ಜೊತೆ ತನ್ನನ್ನು ಹೋಲಿಸಿಕೊಂಡು ಬರೆದ ಸಾಲು ಇದು. ಅವರಿಗೆ ಇದರಲ್ಲಿ ಖುಷಿ ಆಯಿತಾ? ನನಗೆ ಅದು ಮುಖ್ಯ ಅನಿಸುವುದಿಲ್ಲ. ಆ ಸಾಲು ಓದಿದ ಕೆಳಗಿನವರಿಗೆ ಒಂದು ಅರ್ಥ ಆಗಿರಬೇಕಲ್ವಾ, ಮೇಲೆ ಯಾರೂ ಕೇಳುವುದಿಲ್ಲ ಅಂತ.

ಮರುವರ್ಷವೇ ಇರಾಕಿನ ಅಬು ಗ್ರೈಬ್ ಜೈಲು. ಬೆತ್ತಲೆ ಕೈದಿಗಳನ್ನು ರಾಶಿ ಹಾಕಿ, ಪಕ್ಕದಲ್ಲಿ ಹೆಬ್ಬೆರಳು ಎತ್ತಿ ನಗುತ್ತಾ ನಿಂತ ಅಮೆರಿಕದ ಸೈನಿಕರ ಫೋಟೋ. ಅದರಲ್ಲಿದ್ದ ಚಾರ್ಲ್ಸ್ ಗ್ರೇನರ್‌ಗೆ 10 ವರ್ಷ ಶಿಕ್ಷೆ ಆಯಿತು. ಅವನು ಇರಾಕಿಗೆ ಬರುವ ಮೊದಲು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜೈಲು ಕಾವಲುಗಾರನಾಗಿದ್ದ. ಇಂಥವರು ಇಂಥ ಕೆಲಸಕ್ಕೆ ಹುಡುಕಿಕೊಂಡು ಬರುತ್ತಾರಾ, ಕೆಲಸವೇ ಅವರನ್ನು ಹೀಗೆ ಮಾಡುತ್ತದಾ ಅಂತ ಕೇಳಿದರೆ, ಎರಡೂ ಇರಬಹುದು ಅನ್ನುತ್ತೇನೆ. ಫೋಟೋದಲ್ಲಿದ್ದ ಕೆಳಹಂತದ ಸೈನಿಕರು ಜೈಲಿಗೆ ಹೋದರು. ಮೇಲೆ ಕೂತು ಸಹಿ ಹಾಕಿದ ಯಾರೂ ಹೋಗಲಿಲ್ಲ.

ನನ್ನದೇ ಒಂದು ಮಾತು ಹೇಳಬೇಕು. ಹಾಸ್ಟೆಲ್‌ನಲ್ಲಿದ್ದಾಗ ಒಂದು ರಾತ್ರಿ ಸೀನಿಯರ್‌ಗಳು ಹಳ್ಳಿಯಿಂದ ಬಂದ ಒಬ್ಬ ಹುಡುಗನ ಕೈಗೆ ಬೆಂಕಿಕಡ್ಡಿ ಕೊಟ್ಟು, ಕಾರಿಡಾರ್ ಎಷ್ಟು ಕಡ್ಡಿ ಉದ್ದ ಇದೆ ಅಳತೆ ಮಾಡು ಅಂದರು. ಸೀನಿಯರ್‌ಗಳು ನಾಲ್ಕು ಜನ. ಮೂವರಿಗೆ ಅರ್ಧ ಗಂಟೆಯಲ್ಲಿ ಬೇಜಾರಾಯಿತು, ಒಬ್ಬನಂತೂ ಆಕಳಿಸುತ್ತಿದ್ದ. ನಾಲ್ಕನೆಯವನು ಬೇರೆ. ಹುಡುಗ ಅಳಲು ಶುರು ಮಾಡಿದ ಮೇಲೆ ಇವನ ದನಿ ಮೃದುವಾಯಿತು. "ಎಷ್ಟಾಯ್ತಪ್ಪಾ? ಮರೆತುಹೋಯ್ತಾ? ಪರವಾಗಿಲ್ಲ, ಮೊದಲಿಂದ ಅಳಿ" ಅಂದ. ಬೈಯಲಿಲ್ಲ, ಹೊಡೆಯಲಿಲ್ಲ. ಮಂಡಿಯೂರಿ ಅವನ ಮುಖದ ಹತ್ತಿರ ಕೂತು ಹೇಳಿದ. ಆ ಮುಖ ನನಗೆ ಇವತ್ತಿಗೂ ನೆನಪಿದೆ, ಊಟ ಮಾಡಿದವನ ಮುಖದಂತೆ ತೃಪ್ತವಾಗಿತ್ತು. ನಾವು ಹತ್ತು ಹನ್ನೆರಡು ಜನ ಗೋಡೆಗೆ ಒರಗಿ ನಿಂತಿದ್ದೆವು. ನಾನು ನಕ್ಕೆ. ನಗದಿದ್ದರೆ ಮುಂದಿನ ಸರದಿ ನನ್ನದು ಅನ್ನುವ ಭಯ ಇತ್ತು, ನಿಜ. ಆದರೆ ಒಂದೆರಡು ಸಲ ಭಯಕ್ಕಲ್ಲದೆ ಸುಮ್ನೆ ನಗು ಬಂದು ನಕ್ಕೆ. ಅದನ್ನು ಒಪ್ಪಿಕೊಳ್ಳಲು ನನಗೆ ತುಂಬಾ ವರ್ಷ ಹಿಡಿಯಿತು.

ಅದು ನಿಂತಿದ್ದು ಹೇಗೆ ಗೊತ್ತಾ? ವಾಚ್‌ಮನ್ ಕೆಳಗಿನಿಂದ ಟಾರ್ಚ್ ಬಿಟ್ಟು "ಯಾರ್ರೀ ಅದು?" ಅಂದರು, ಅಷ್ಟೇ. ನಾಲ್ಕನೆಯವನೂ ಎದ್ದು ರೂಮಿಗೆ ಹೋದ. ಅವನ ಮನಸ್ಸೇನೂ ಬದಲಾಗಲಿಲ್ಲ. ಯಾರೋ ನೋಡುತ್ತಿದ್ದಾರೆ ಅಂತ ಗೊತ್ತಾಯಿತು.

ಅದಕ್ಕೇ ಎಷ್ಟು ಜನ ಸ್ಯಾಡಿಸ್ಟ್‌ಗಳು ಅನ್ನುವ ಎಣಿಕೆಗಿಂತ, ಅವರಿಗೆ ಕತ್ತಲ ಕೋಣೆ ಕಟ್ಟಿಕೊಡುವವರು ಯಾರು ಅನ್ನುವುದು ನನ್ನನ್ನು ಜಾಸ್ತಿ ಕಾಡುತ್ತದೆ. ಚಿತ್ರಹಿಂಸೆ ವಿರೋಧಿ ವಿಶ್ವಸಂಸ್ಥೆ ಒಪ್ಪಂದಕ್ಕೆ ನಮ್ಮ ದೇಶ 1997ರಲ್ಲಿ ಸಹಿ ಹಾಕಿತು. ಅದನ್ನು ಜಾರಿಗೆ ತರುವ ಅಂತಿಮ ಒಪ್ಪಿಗೆ ಕೊಟ್ಟಿಲ್ಲ. 2010ರಲ್ಲಿ ಲೋಕಸಭೆ ಒಂದು ಮಸೂದೆ ಪಾಸ್ ಮಾಡಿತು, ಅದು ಕಾನೂನಾಗದೆ ಬಿದ್ದುಹೋಯಿತು. 2017ರಲ್ಲಿ ಕಾನೂನು ಆಯೋಗ ಮತ್ತೆ ಶಿಫಾರಸು ಮಾಡಿತು. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಯಲ್ಲೂ, ಲಾಕಪ್ಪಿನಲ್ಲೂ ಸಿಸಿಟಿವಿ ಇರಬೇಕು ಅಂದಿತು. ಅಷ್ಟಾದರೂ ಲಾಕಪ್ ಡೆತ್ ಸುದ್ದಿ ಬಂದಾಗೆಲ್ಲ, ಕ್ಯಾಮೆರಾ ಕೆಟ್ಟಿತ್ತು, ರೆಕಾರ್ಡಿಂಗ್ ಇಲ್ಲ ಅನ್ನುವ ಮಾತನ್ನು ನಾವು ಕೇಳುತ್ತಲೇ ಇದ್ದೇವೆ. ನಾವೂ ಕೆಳಗೆ "ರುಬ್ಬಿ ಸಾರ್" ಅಂತ ಬರೆಯುತ್ತಲೇ ಇದ್ದೇವೆ.

2020ರ ಜೂನ್ 19, ತಮಿಳುನಾಡಿನ ಸಾತಾನ್‌ಕುಳಂ. ಲಾಕ್‌ಡೌನ್ ಸಮಯ ಮೀರಿ ಮೊಬೈಲ್ ಅಂಗಡಿ ತೆರೆದಿದ್ದರು ಅನ್ನುವ ನೆಪಕ್ಕೆ ಪೊಲೀಸರು ಜಯರಾಜ್ ಅವರನ್ನು ಠಾಣೆಗೆ ಕರೆದುಕೊಂಡು ಹೋದರು, ಹಿಂದೆಯೇ ಹೋದ ಮಗ ಬೆನ್ನಿಕ್ಸ್ ಅವರನ್ನೂ ಹಿಡಿದಿಟ್ಟರು. ರಾತ್ರಿ ಪೂರಾ ಹೊಡೆದರು, ನೆಲಕ್ಕೆ ಬಿದ್ದ ರಕ್ತವನ್ನು ಅವರ ಬಟ್ಟೆಯಿಂದಲೇ ಒರೆಸಿಸಿದರು ಅಂತ ಸಿಬಿಐ ಆರೋಪಪಟ್ಟಿ ಹೇಳುತ್ತದೆ. ಮಗ 22ಕ್ಕೆ, ತಂದೆ 23ಕ್ಕೆ ತೀರಿಕೊಂಡರು. ಒಂದು ಅಂಗಡಿ ಬಾಗಿಲು ಹಾಕಿಸಲು ಇಡೀ ರಾತ್ರಿ ಬೇಕಾ? ಅದು ಡ್ಯೂಟಿ ಅಲ್ಲ, ಚೆಲ್ಲಾಟ.

ಆ ಠಾಣೆಯಲ್ಲಿ ಒಬ್ಬರು ಮಹಿಳಾ ಹೆಡ್ ಕಾನ್‌ಸ್ಟೆಬಲ್ ಇದ್ದರು. ವಿಚಾರಣೆಗೆ ಬಂದ ಮ್ಯಾಜಿಸ್ಟ್ರೇಟ್ ಮುಂದೆ ಅವರು ಕಂಡಿದ್ದನ್ನೆಲ್ಲ ಹೇಳಿದರು, ಲಾಠಿಗೂ ಮೇಜಿಗೂ ರಕ್ತ ಅಂಟಿದ್ದನ್ನೂ ಹೇಳಿದರು. ಜೊತೆಗೆ ಕೆಲಸ ಮಾಡುವವರು ಹೊರಗೇ ಇದ್ದರು. ಹೇಳಿಕೆಗೆ ಸಹಿ ಹಾಕಲು ಅವರಿಗೆ ತುಂಬಾ ಭಯ ಆಗಿತ್ತು, ಹೊತ್ತು ಹಿಡಿಯಿತು. ಮ್ಯಾಜಿಸ್ಟ್ರೇಟ್ ಧೈರ್ಯ ಹೇಳಿದ ಮೇಲೆ ಹಾಕಿದರು.