ಸಂಖ್ಯೆ ಬಿಟ್ಟು ಗುರುತು ಹಿಡಿದಾಗ

ನಮಸ್ಕಾರ ಕೇಳುಗರೇ. ಜಾವಾದಲ್ಲಿ ಎರಡು ಪೂರ್ಣಸಂಖ್ಯೆ ಕೂಡಿಸುವ ಪುಟ್ಟ ಸ್ಟ್ಯಾಟಿಕ್ ಮೆಥಡ್ ಒಂದನ್ನು ಕಂಪೈಲ್ ಮಾಡಿದರೆ, ಅದರ ಕೆಲಸವೆಲ್ಲ 4 ಬೈಟ್‌ನಲ್ಲಿ ಮುಗಿಯುತ್ತದೆ. 26, 27, 96, 172. ಅಂದರೆ, ಮೊದಲ ಪೂರ್ಣಸಂಖ್ಯೆಯನ್ನು ಸ್ಟ್ಯಾಕ್ ಮೇಲೆ ಇಡು, ಎರಡನೆಯದನ್ನೂ ಇಡು, ಕೂಡಿಸು, ಉತ್ತರ ಕೊಟ್ಟು ಹೊರಡು. ಇಷ್ಟೇ ನೋಡಿ ಬೈಟ್‌ಕೋಡ್.

ಕಂಪೈಲ್ ಆದ ಮೇಲೂ ಇದರೊಳಗೆ ಕೈ ಹಾಕಬಹುದು. ಮೊದಮೊದಲು ನಾನು ಬೈಟ್‌ಗಳನ್ನೇ ನೇರವಾಗಿ ತಿದ್ದುತ್ತಿದ್ದೆ. ಒಂದು ಸಲ ಮೆಥಡ್‌ನ ನಡುವೆ 3 ಬೈಟ್‌ನ ಕರೆಯೊಂದನ್ನು ತೂರಿಸಿದೆ. ಅದಕ್ಕಿಂತ ಮೊದಲು ಒಂದು ಗೋಟು ಇತ್ತು. 'ಇಲ್ಲಿಂದ 12 ಬೈಟ್ ಮುಂದೆ ಹಾರು' ಅನ್ನುವ ಗೋಟು. ಈಗ ಅದು 15 ಆಗಬೇಕಿತ್ತು, ಅಲ್ವಾ? ನಾನು ಬದಲಿಸಿರಲಿಲ್ಲ. ಅದು ಹೋಗಿ ಬೇರೊಂದು ಇನ್‌ಸ್ಟ್ರಕ್ಷನ್‌ನ ಹೊಟ್ಟೆಯೊಳಗೆ ಇಳಿಯಿತು. ವೆರಿಫೈಎರರ್ ಅಂತ ಹೇಳಿ, ಬೈಟ್‌ಕೋಡ್ ಓಡಿಸುವ ಜೆವಿಎಂ ಆ ಕ್ಲಾಸನ್ನೇ ಒಳಗೆ ಬಿಟ್ಟುಕೊಳ್ಳಲಿಲ್ಲ.

ಬೈಟ್‌ಕೋಡ್ ತಿದ್ದಲು ಎಎಸ್‌ಎಂ ಅಂತ ಒಂದು ಲೈಬ್ರರಿ ಇದೆ. ಅದರ ಟ್ರೀ ಎಪಿಐ ಎಂಬ ಭಾಗ ನೋಡಿದಾಗ ನನಗೆ ಆದ ಸಮಾಧಾನ ಜಾಸ್ತಿ. ಅಲ್ಲಿ ಒಂದೊಂದು ಇನ್‌ಸ್ಟ್ರಕ್ಷನ್ನೂ ಒಂದೊಂದು ಆಬ್ಜೆಕ್ಟ್. ಹಿಂದಿನದಕ್ಕೂ ಮುಂದಿನದಕ್ಕೂ ಕೊಂಡಿ ಇರುತ್ತದೆ, ಹೂ ಪೋಣಿಸಿದ ಹಾಗೆ. 96ಕ್ಕೆ ಬರೀ ಓಪ್‌ಕೋಡ್, ಅಂದರೆ ಯಾವ ಕೆಲಸ ಅಂತ ಹೇಳುವ ಸಂಖ್ಯೆ, ಸಾಕು. 26 ಮತ್ತು 27 ಆದರೋ ಒಂದೇ ರೂಪಕ್ಕೆ ಬರುತ್ತವೆ: ಓಪ್‌ಕೋಡ್ 21, ಜೊತೆಗೆ ವೇರಿಯಬಲ್ ನಂಬರ್ 0 ಅಥವಾ 1. ಬರೆಯುವಾಗ ಲೈಬ್ರರಿಯೇ ಅದನ್ನು ಮತ್ತೆ ಚಿಕ್ಕದು ಮಾಡುತ್ತದೆ.

ಇನ್ನು ಹಾರುವ ವಿಷಯ. ದಾರಿ ಕೇಳಿದವರಿಗೆ ನಾವು 'ಇಲ್ಲಿಂದ ಹನ್ನೆರಡನೇ ಮನೆ' ಅನ್ನುವುದಿಲ್ಲ, 'ಅರಳಿಮರದ ಪಕ್ಕ' ಅನ್ನುತ್ತೇವೆ. ನಡುವೆ ಎಷ್ಟು ಮನೆ ಎದ್ದರೂ ಮರ ಅಲ್ಲೇ ಇರುತ್ತದೆ. ಎಎಸ್‌ಎಂನ ಲೇಬಲ್‌ನೋಡ್ ಅಂಥದ್ದು. ಅದಕ್ಕೆ ಒಂದು ಬೈಟೂ ಇಲ್ಲ, ಸುಮ್ನೆ ಸಾಲಿನಲ್ಲಿ ನಿಂತಿರುವ ಗುರುತು. ಗೋಟು ಆ ಗುರುತನ್ನು ಹಿಡಿದಿರುತ್ತದೆ, ದೂರವನ್ನಲ್ಲ.

ಇದೇ ಕೆಲಸ ಮಾಡುವ ಬಿಸಿಇಎಲ್ ಲೈಬ್ರರಿಯ ರೀತಿ ಬೇರೆ. ಅಲ್ಲಿ ಗೋಟು ಹಿಡಿಯುವುದು ತಾನು ಇಳಿಯಬೇಕಾದ ಇನ್‌ಸ್ಟ್ರಕ್ಷನ್‌ನ ಹ್ಯಾಂಡಲನ್ನೇ, ಅಂದರೆ ಅದನ್ನು ಸಾಲಿನಲ್ಲಿ ಹಿಡಿದಿಡುವ ಆಬ್ಜೆಕ್ಟನ್ನೇ. ಆ ಹ್ಯಾಂಡಲ್ ಅಳಿಸಿದಿರೋ, ಟಾರ್ಗೆಟ್‌ಲಾಸ್ಟ್‌ಎಕ್ಸೆಪ್ಷನ್ ಎಂಬ ದೋಷ ಬರುತ್ತದೆ. ಅದನ್ನು ನಂಬಿದ್ದ ಗೋಟುಗಳಿಗೆಲ್ಲ ಹೊಸ ಜಾಗ ನೀವೇ ತೋರಿಸಬೇಕು. ಎಎಸ್‌ಎಂನಲ್ಲಿ ಇನ್‌ಸ್ಟ್ರಕ್ಷನ್ ಹೋದರೂ ಲೇಬಲ್ ಉಳಿಯುತ್ತದೆ. ನನ್ನ ಮನಸ್ಸು ಒಪ್ಪುವುದು ಇದನ್ನೇ.

ದೂರ ಲೆಕ್ಕವಾಗುವುದು ಕೊನೆಗೆ, ಬೈಟ್ ಬರೆಯುವಾಗ. ಗೋಟುವಿನಲ್ಲಿ ದೂರಕ್ಕೆ ಇರುವುದು ಎರಡೇ ಬೈಟ್, ಮುಂದಕ್ಕೆ 32767ರವರೆಗೆ. ಅದು ಸಾಲದಿದ್ದರೆ, ದೂರಕ್ಕೆ ನಾಲ್ಕು ಬೈಟ್ ಇರುವ ಗೋಟು-ಡಬ್ಲ್ಯೂ ಇದೆ. ಆದರೆ 'ಸೊನ್ನೆಯಾದರೆ ಹಾರು' ಎಂಬುದಕ್ಕೆ ಅಂಥ ದೊಡ್ಡಣ್ಣ ಇಲ್ಲ. ಆಗ ಎಎಸ್‌ಎಂ ಷರತ್ತನ್ನೇ ತಿರುಗಿಸುತ್ತದೆ. 'ಸೊನ್ನೆಯಲ್ಲದಿದ್ದರೆ ಮುಂದಿನದನ್ನು ದಾಟು' ಎಂದು ಬರೆದು, ಅದರ ಮುಂದೆ ಒಂದು ಗೋಟು-ಡಬ್ಲ್ಯೂ ಇಡುತ್ತದೆ.