ಬಾಲ್ ಪೈಥಾನ್ ಮೊಟ್ಟೆಗೆ ಮೈಸೂರಿನ ಬೇಸಿಗೆ

ಕೇಳುಗರಿಗೆ ನಮಸ್ಕಾರ.

ಮಂಡ್ಯದ ಕಡೆ ಕಬ್ಬು ಕಡಿಯುವಾಗ ತರಗಿನ ಅಡಿಯಲ್ಲೋ, ತಿಪ್ಪೆ ಕೆದಕುವಾಗಲೋ ಬೆಳ್ಳಗಿನ, ಒಂದಕ್ಕೊಂದು ಅಂಟಿಕೊಂಡ ಉದ್ದನೆಯ ಮೊಟ್ಟೆಗಳು ಕಣ್ಣಿಗೆ ಬೀಳುವುದುಂಟು. ಕೇರೆಯದಿರಬಹುದು, ನಾಗರದ್ದೂ ಇರಬಹುದು. ಕೊಳೆಯುವ ತರಗು, ಗೊಬ್ಬರ ತಾನಾಗಿಯೇ ಬೆಚ್ಚಗಿರುತ್ತದೆ, ಒಳಗೆ ತೇವವೂ ಇರುತ್ತದೆ. ಹಾವಿಗೆ ಬೇಕಾದದ್ದು ಅಷ್ಟೇ. ಆ ಮೊಟ್ಟೆ ಸಿಕ್ಕರೆ ಮನೆಗೆ ತರಬೇಡಿ, ಅರಣ್ಯ ಇಲಾಖೆಯವರಿಗೆ ಹೇಳಿ. ಕೇರೆ, ನಾಗರ, ನಮ್ಮ ಕಾಡಿನ ಹೆಬ್ಬಾವು, ಇವನ್ನಾಗಲಿ ಇವುಗಳ ಮೊಟ್ಟೆಯನ್ನಾಗಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಇವತ್ತಿನ ಮಾತು ಆಫ್ರಿಕಾ ಮೂಲದ, ವಿಷವಿಲ್ಲದ ಸಣ್ಣ ಹೆಬ್ಬಾವು ಬಾಲ್ ಪೈಥಾನ್ ಮತ್ತು ಅದರ ಮೊಟ್ಟೆಯನ್ನು ಮನೆಯಲ್ಲಿ ಕಾವಿಗೆ ಇಡುವುದರ ಕುರಿತು. ಇದನ್ನು ಸಾಕುವವರು ಈಗ ಮೈಸೂರಿನಲ್ಲೂ ಇದ್ದಾರೆ. 2022ರ ತಿದ್ದುಪಡಿಯ ನಂತರ ಇದೂ ಕಾಯ್ದೆಯ ನಾಲ್ಕನೇ ಅನುಸೂಚಿಯೊಳಗೆ, ಅಂದರೆ ಅಂತರರಾಷ್ಟ್ರೀಯ ಒಪ್ಪಂದದಡಿ ಬರುವ ಜೀವಿಗಳ ಪಟ್ಟಿಯೊಳಗೆ ಬಂದಿದೆ. 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಎಂಬ ಜಾಲತಾಣದಲ್ಲಿ ನೋಂದಣಿ ಆಗಬೇಕು, ಮರಿ ಹುಟ್ಟಿದರೂ ತಿಳಿಸಬೇಕು. ತಾಯಿ ಹಾವಿನ ಕಾಗದಪತ್ರ ಸರಿಯಿಲ್ಲದೆ ಮರಿ ಮಾಡಿಸಲು ಹೊರಡುವುದು ತಲೆನೋವನ್ನು ಕರೆದು ಕೂರಿಸಿಕೊಂಡ ಹಾಗೆ.

ಮೊದಲ ಸಲ ಕಾವಿಗೆ ಇಡುವವರು ಸಾಮಾನ್ಯವಾಗಿ ಮೊಟ್ಟೆ ಕಂಡ ಮೇಲೆ ಪೆಟ್ಟಿಗೆ ಹುಡುಕಲು ಓಡುತ್ತಾರೆ. ಆ ಓಟ ಬೇಕಿಲ್ಲ. ಮೊಟ್ಟೆ ಇಡುವ ಸುಮಾರು 30 ದಿನ ಮುಂಚೆ ಹೆಣ್ಣು ಒಮ್ಮೆ ಪೊರೆ ಬಿಡುತ್ತದೆ. ಆ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಕಾವುಪೆಟ್ಟಿಗೆ ಕೆಲಸ ಶುರು ಮಾಡಿ. ಮೊಟ್ಟೆ ಬರುವ ವೇಳೆಗೆ ಪೆಟ್ಟಿಗೆ ಕನಿಷ್ಠ ಒಂದು ವಾರ ಖಾಲಿ ಓಡಿರಬೇಕು.

ದಪ್ಪ ಗೋಡೆಯ ಥರ್ಮೊಕೋಲ್ ಪೆಟ್ಟಿಗೆ ಸಾಕು. ತಳದಲ್ಲಿ 15ರಿಂದ 25 ವ್ಯಾಟಿನ ಹೀಟ್ ಕೇಬಲ್ ಅಥವಾ ಹೀಟ್ ಮ್ಯಾಟ್. ಅದನ್ನು ನಿಯಂತ್ರಿಸಲು, ಬೇಕಾದ ಬಿಸಿ ಬಂದೊಡನೆ ಹೀಟರ್ ನಿಲ್ಲಿಸಿ ಇಳಿದಾಗ ಮತ್ತೆ ಹಚ್ಚುವ ಥರ್ಮೋಸ್ಟಾಟ್. ಇದಿಲ್ಲದೆ ಹೀಟರನ್ನು ನೇರವಾಗಿ ಪ್ಲಗ್ಗಿಗೆ ಹಾಕುವ ಯೋಚನೆಯೇ ಬೇಡ. ಗೋಡೆಗುಂಟ ನೀರು ತುಂಬಿದ ಒಂದು ಲೀಟರಿನ ನಾಲ್ಕು ಬಾಟಲಿ ಇಡಿ. ನೀರು ಬೇಗ ಬಿಸಿಯಾಗುವುದಿಲ್ಲ, ಬೇಗ ಆರುವುದೂ ಇಲ್ಲ. ಹಾಗಾಗಿ ಕರೆಂಟ್ ಹೋದರೂ ಒಳಗಿನ ಬಿಸಿ ಒಮ್ಮೆಲೇ ಇಳಿಯುವುದಿಲ್ಲ. ಥರ್ಮೋಸ್ಟಾಟಿನ ಪ್ರೋಬ್, ಅಂದರೆ ಬಿಸಿ ಅಳೆಯುವ ತಂತಿಯ ತುದಿ, ಪೆಟ್ಟಿಗೆಯ ಮೂಲೆಯಲ್ಲಿ ನೇತಾಡಬಾರದು, ಮೊಟ್ಟೆ ಕೂರುವ ಎತ್ತರದಲ್ಲೇ ಇರಬೇಕು. ಅಗ್ಗದ ಥರ್ಮೋಸ್ಟಾಟು ಒಂದೆರಡು ಡಿಗ್ರಿ ಸುಳ್ಳು ಹೇಳುವುದು ಮಾಮೂಲು. ಪಕ್ಕದಲ್ಲಿ ಇನ್ನೊಂದು ಡಿಜಿಟಲ್ ಥರ್ಮಾಮೀಟರ್ ಇಟ್ಟು ತಾಳೆ ನೋಡಿ. ಗರಿಷ್ಠ, ಕನಿಷ್ಠ ಎರಡನ್ನೂ ನೆನಪಿಟ್ಟುಕೊಳ್ಳುವ ಬಗೆಯದಾದರೆ ಇನ್ನೂ ಒಳ್ಳೆಯದು, ನಡುರಾತ್ರಿ ಏನಾಯಿತೆಂಬುದು ಬೆಳಿಗ್ಗೆ ಗೊತ್ತಾಗುತ್ತದೆ.

ಬೇಕಾದ ಬಿಸಿ 31ರಿಂದ 32 ಡಿಗ್ರಿ ಸೆಲ್ಸಿಯಸ್. ನಮ್ಮ ಊರಿನ ನಿಜವಾದ ತೊಂದರೆ ಇಲ್ಲಿಯೇ. ಹೊರದೇಶದವರ ಸಲಹೆಗಳೆಲ್ಲ ಚಳಿಯಲ್ಲಿ ಬಿಸಿ ಕಾಯ್ದುಕೊಳ್ಳುವ ಬಗ್ಗೆ ಇರುತ್ತವೆ. ನಮ್ಮಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ಇಟ್ಟ ಮೊಟ್ಟೆ ಕಾವಿನಲ್ಲಿರುವುದು ನಡುಬೇಸಿಗೆಯಲ್ಲಿ. ತಾರಸಿ ಕೆಳಗಿನ ಮಹಡಿ ಕೋಣೆ ಮಧ್ಯಾಹ್ನ ನಾಲ್ಕಕ್ಕೆ 34 ದಾಟಿರುತ್ತದೆ. ಹೀಟರಿನ ಥರ್ಮೋಸ್ಟಾಟಿಗೆ ಬಿಸಿ ನಿಲ್ಲಿಸುವುದು ಗೊತ್ತು, ತಂಪು ಮಾಡುವುದು ಗೊತ್ತಿಲ್ಲ. ಕೋಣೆ 34 ಇದ್ದರೆ ಪೆಟ್ಟಿಗೆಯೂ ನಿಧಾನಕ್ಕೆ 34ಕ್ಕೆ ಏರುತ್ತದೆ, ಹೀಟರ್ ಆಫ್ ಆಗಿದ್ದರೂ. ಅಷ್ಟು ಬಿಸಿ ದಿನಗಟ್ಟಲೆ ತಾಗಿದರೆ ಮರಿಯ ಬೆನ್ನುಮೂಳೆ ಸೊಟ್ಟಗಾಗುತ್ತದೆ, ಇಲ್ಲವೇ ಮೊಟ್ಟೆಯಲ್ಲೇ ಸಾಯುತ್ತದೆ. ಅದೇ ಕರೆಂಟ್ ಹೋಗಿ ಎರಡು ಮೂರು ಗಂಟೆ 27ಕ್ಕೆ ಇಳಿದರೆ ಮೊಟ್ಟೆ ತಡೆದುಕೊಳ್ಳುತ್ತದೆ. ಹೆದರಬೇಕಾದದ್ದು ಬಿಸಿಗೆ.

ಆದ್ದರಿಂದ ಕೋಣೆ ಮೊಟ್ಟೆಗಿಂತ ಮೂರ್ನಾಲ್ಕು ಡಿಗ್ರಿ ತಣ್ಣಗಿರಬೇಕು. ನೆಲಮಹಡಿ, ಬಿಸಿಲು ಬಡಿಯದ ಒಳಗೋಡೆ, ನೆಲದ ಮೇಲೆಯೇ ಪೆಟ್ಟಿಗೆ. ಅದೂ ಸಾಲದ ದಿನ ಫ್ರಿಜ್ಜಿನಲ್ಲಿ ತಂಪು ಮಾಡಿದ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಮೊಟ್ಟೆ ಡಬ್ಬಿಗೆ ತಾಗದ ಹಾಗೆ ಇಡಿ, ಥರ್ಮಾಮೀಟರ್ ನೋಡುತ್ತಾ ತೆಗೆಯಿರಿ. ಮನೆಯಲ್ಲಿ ಯುಪಿಎಸ್ ಇದ್ದರೆ ಇಷ್ಟು ಸಣ್ಣ ಹೀಟರು ಅದಕ್ಕೆ ಭಾರವೇ ಅಲ್ಲ.

ಇನ್ನು ಮೊಟ್ಟೆ ಕೂರುವ ಡಬ್ಬಿ. ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿ, ಪಕ್ಕದಲ್ಲಿ ಸೂಜಿ ಕಾಯಿಸಿ ಮಾಡಿದ ಎರಡು ಮೂರು ತೂತು. ಒಳಗೆ ಐದಾರು ಸೆಂಟಿಮೀಟರ್ ವರ್ಮಿಕ್ಯುಲೈಟ್, ಅಂದರೆ ಕಾಯಿಸಿ ಅರಳಿಸಿದ, ನೀರು ಹಿಡಿದಿಟ್ಟುಕೊಳ್ಳುವ ಖನಿಜದ ಹರಳು. ಇದು ನರ್ಸರಿಗಳಲ್ಲಿ, ತಾರಸಿ ತೋಟದ ಸಾಮಾನು ಮಾರುವ ಕಡೆ ಸಿಗುತ್ತದೆ. ಗೊಬ್ಬರ ಬೆರೆಸಿದ್ದು ಬೇಡ. ನೀರಿನ ಲೆಕ್ಕ ತೂಕದಲ್ಲಿ, ಲೋಟದಲ್ಲಲ್ಲ: 500 ಗ್ರಾಂ ವರ್ಮಿಕ್ಯುಲೈಟಿಗೆ 500 ಗ್ರಾಂ ನೀರು. ಲೋಟದಲ್ಲಿ ಸಮಸಮ ಅಳೆದರೆ ನೀರು ಹಲವು ಪಟ್ಟು ಹೆಚ್ಚಾಗುತ್ತದೆ, ಏಕೆಂದರೆ ವರ್ಮಿಕ್ಯುಲೈಟ್ ಅರಳಿನಷ್ಟು ಹಗುರ. ಕಲಸಿದ್ದನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬಹುದು, ಧಾರೆ ಬರಬಾರದು.

ಬಾಲ್ ಪೈಥಾನ್ ಸಾಮಾನ್ಯವಾಗಿ ನಾಲ್ಕರಿಂದ ಎಂಟು ಮೊಟ್ಟೆ ಇಟ್ಟು, ಅವನ್ನು ಸುತ್ತಿಕೊಂಡು ಮಲಗುತ್ತದೆ. ನಮ್ಮ ಹೆಬ್ಬಾವು ಮೈ ಅದುರಿಸಿ ಮೊಟ್ಟೆಗೆ ಬಿಸಿ ಕೊಡುತ್ತದೆ, ಇದಕ್ಕೆ ಆ ಗುಣವಿಲ್ಲ. ತಾಯಿಯ ಸುರುಳಿಯನ್ನು ನಿಧಾನಕ್ಕೆ ಬಿಡಿಸಿ ಮೊಟ್ಟೆ ತೆಗೆಯುವ ಮೊದಲು ಕೈಯಲ್ಲಿ ಮೆತ್ತನೆಯ ಪೆನ್ಸಿಲ್ ಇರಲಿ. ಪ್ರತಿ ಮೊಟ್ಟೆಯ ಮೇಲ್ಭಾಗಕ್ಕೆ ಒಂದು ಗುರುತು ಹಾಕಿ. ಆ ಗುರುತು ಕೊನೆಯ ದಿನದವರೆಗೂ ಮೇಲೇ ಇರಬೇಕು.

ಕೋಳಿ ಸಾಕಿದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಕೋಳಿ ಮೊಟ್ಟೆಯನ್ನು ದಿನಕ್ಕೆ ಹಲವು ಸಲ ಮಗುಚಬೇಕು, ಇಲ್ಲದಿದ್ದರೆ ಭ್ರೂಣ ಚಿಪ್ಪಿನ ಪೊರೆಗೆ ಅಂಟಿ ಹಾಳಾಗುತ್ತದೆ. ಕೋಳಿ ಮೊಟ್ಟೆ ಒಡೆದಾಗ ಹಳದಿಯ ಎರಡು ಕಡೆ ಬೆಳ್ಳಗೆ ಹುರಿಯಂಥದ್ದು ಕಾಣುತ್ತದಲ್ಲ, ಅದು ಹಳದಿಯನ್ನು ನಡುವೆ ಹಿಡಿದು ನಿಲ್ಲಿಸುತ್ತದೆ. ಹಾವಿನ ಮೊಟ್ಟೆಯಲ್ಲಿ ಆ ಹುರಿ ಇಲ್ಲ. ಭ್ರೂಣ ಮೇಲ್ಭಾಗದಲ್ಲಿ ಅಂಟಿಕೊಂಡೇ ಬೆಳೆಯುತ್ತದೆ. ಮಗುಚಿದರೆ ಹಳದಿಯ ಭಾರ ಅದರ ಮೇಲೆ ಬೀಳುತ್ತದೆ. ಮೊಟ್ಟೆಗಳು ಒಂದಕ್ಕೊಂದು ಅಂಟಿ ಒಣಗಿದ್ದರೆ ಬಿಡಿಸಲು ಹೋಗಬೇಡಿ, ಚಿಪ್ಪು ಹರಿಯುತ್ತದೆ. ಗುಂಪಾಗಿಯೇ ಎತ್ತಿ, ವರ್ಮಿಕ್ಯುಲೈಟಿನಲ್ಲಿ ಗುಳಿ ಮಾಡಿ ಅರ್ಧದಷ್ಟು ಹೂಳಿ.

ಕತ್ತಲೆ ಕೋಣೆಯಲ್ಲಿ ಸಣ್ಣ ಎಲ್‌ಇಡಿ ಟಾರ್ಚ್ ಹಿಡಿದು ನೋಡಿ. ಒಳಗೆ ಗುಲಾಬಿ ಹೊಳಪು, ಕೆಂಪು ನರಗಳ ಜಾಲ ಕಂಡರೆ ಜೀವ ಇದೆ. ಬರಿ ಹಳದಿ, ಮೇಣದಂತೆ ಮಂಕು, ಗಾತ್ರವೂ ಚಿಕ್ಕದಿದ್ದರೆ ಗೊಡ್ಡು. ಅನುಮಾನ ಇದ್ದರೆ ಬಿಸಾಡಬೇಡಿ, ಒಂದು ವಾರ ಕಳೆದು ಮತ್ತೆ ಟಾರ್ಚ್ ಹಿಡಿಯಿರಿ.

ಡಬ್ಬಿಯನ್ನು ಮೊಟ್ಟೆ ಸಮೇತ ಅಡಿಗೆಮನೆ ತಕ್ಕಡಿಯಲ್ಲಿ ತೂಗಿ, ತೂಕವನ್ನು ಮುಚ್ಚಳದ ಮೇಲೆ ಬರೆಯಿರಿ. ವಾರಕ್ಕೊಮ್ಮೆ ಅಲುಗಾಡಿಸದೆ ತೂಗಿದರೆ ನೀರು ಎಷ್ಟು ಆರಿದೆ ಎಂಬ ಅಂದಾಜು ಸಿಗುತ್ತದೆ. ನೀರು ಸೇರಿಸಬೇಕಾದರೆ ಉಗುರುಬೆಚ್ಚಗಿನದನ್ನು ಅಂಚಿನಲ್ಲಿ, ಮೊಟ್ಟೆಗೆ ತಾಗದಂತೆ ಹಾಕಿ. ಅದೇ ಹೊತ್ತಿನಲ್ಲಿ ಒಂದು ನಿಮಿಷ ಮುಚ್ಚಳ ತೆಗೆದಿಡಿ, ಗಾಳಿ ಬದಲಾಗುತ್ತದೆ. ಮುಚ್ಚಳದೊಳಗೆ ಬೆವರು ಕಟ್ಟುವುದು ಸಹಜ. ಅದು ಮೊಟ್ಟೆಯ ಮೇಲೆ ತೊಟ್ಟಿಕ್ಕಬಾರದು. ಡಬ್ಬಿಯ ಒಂದು ಬದಿಗೆ ತೆಳುವಾದ ಪಟ್ಟಿ ಕೊಟ್ಟು ಸ್ವಲ್ಪ ಓರೆ ಮಾಡಿದರೆ ಹನಿಗಳು ಅಂಚಿಗೆ ಜಾರುತ್ತವೆ. ಬೂಷ್ಟು ಕಂಡರೆ ಒಣ ಹತ್ತಿಯಿಂದ ಒರೆಸಿ. ಸತ್ತ ಮೊಟ್ಟೆ ಗುಂಪಿಗೆ ಅಂಟಿದ್ದರೆ ಅಲ್ಲೇ ಬಿಡಿ, ಅದನ್ನು ಕೀಳುವ ಭರದಲ್ಲಿ ಪಕ್ಕದ್ದು ಹೋಗುತ್ತದೆ.

ಮೊಟ್ಟೆ ತಗ್ಗು ಬಿತ್ತು ಎಂದು ಗಾಬರಿಯಾಗುವವರೇ ಹೆಚ್ಚು. ತಗ್ಗು ಬಿದ್ದದ್ದು ಯಾವಾಗ ಎಂಬುದನ್ನು ನೋಡಿ. ಎರಡನೇ, ಮೂರನೇ ವಾರದಲ್ಲೇ ಗಾಳಿ ಇಳಿದ ಚೆಂಡಿನಂತಾದರೆ ತೇವ ಸಾಲದು. 45 ದಿನ ಕಳೆದ ಮೇಲೆ ತಗ್ಗು ಬಿದ್ದರೆ ಅದು ಮರಿ ಬಲಿತ ಲಕ್ಷಣ. ಆಗ ಹೆದರಿ ನೀರು ಸುರಿದರೆ ಕೈಗೆ ಬಂದದ್ದು ಕೆಡುತ್ತದೆ.

ಸುಮಾರು 55ರಿಂದ 60 ದಿನಕ್ಕೆ ಚಿಪ್ಪಿನ ಮೇಲೆ ಬ್ಲೇಡಿನಿಂದ ಗೀರಿದಂತೆ ಒಂದು ಸೀಳು ಕಾಣುತ್ತದೆ. ಮರಿಯ ಮೂತಿಯ ತುದಿಯಲ್ಲಿರುವ ಚಿಕ್ಕ ಹಲ್ಲಿನ ಕೆಲಸ ಅದು. ಸೀಳಿನಿಂದ ಲೋಳೆ ಒಸರುತ್ತದೆ, ಗುಳ್ಳೆ ಏಳುತ್ತದೆ, ಆಮೇಲೆ ಮೂತಿ ಇಣುಕುತ್ತದೆ, ನೀವು ಬಗ್ಗಿದರೆ ಒಳಗೆ ಹೋಗಿಬಿಡುತ್ತದೆ. ಹೀಗೆ ಒಂದೆರಡು ದಿನ. ಮರಿ ಈ ಹೊತ್ತಿನಲ್ಲಿ ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಎಳೆದು ಹೊರಗೆ ತೆಗೆದರೆ ಹೊಕ್ಕಳು ಹರಿದು ರಕ್ತ ಹೋಗುತ್ತದೆ. ಕತ್ತರಿಯಿಂದ ಚಿಪ್ಪು ಬಿಡಿಸಿಕೊಡುವ ಅನುಭವಿಗಳೂ ಇದ್ದಾರೆ. ಮೊದಲ ಸಲದವರಿಗೆ ಅದು ಬೇಡ.

ಹೊರಬಂದ ಮರಿಗೆ ಹೊಕ್ಕಳ ತುಣುಕು ಅಂಟಿದ್ದರೆ ತಾನೇ ಉದುರಲಿ ಬಿಡಿ. ಒದ್ದೆ ಟಿಶ್ಯೂ ಹಾಸಿದ ಸಣ್ಣ ಡಬ್ಬಿ, ಒಂದು ಚಿಕ್ಕ ನೀರಿನ ಬಟ್ಟಲು, ಒಂದು ಡಬ್ಬಿಗೆ ಒಂದೇ ಮರಿ. ವಾರ, ಹತ್ತು ದಿನಕ್ಕೆ ಮೊದಲ ಪೊರೆ ಬಿಡುತ್ತದೆ. ಅದಕ್ಕೂ ಮುಂಚೆ ಊಟ ಕೊಟ್ಟರೆ ಮುಟ್ಟುವುದು ಅಪರೂಪ, ಹೊಟ್ಟೆಯಲ್ಲಿ ಹಳದಿ ಇನ್ನೂ ಇರುತ್ತದೆ. ಪೊರೆ ಬಿಟ್ಟ ಮೇಲೆ ಆಗಷ್ಟೇ ರೋಮ ಬಂದ ಇಲಿಮರಿ ಕೊಡಿ. ತಿನ್ನದಿದ್ದರೆ ತೆಗೆದು ಐದು ದಿನ ಬಿಟ್ಟು ಮತ್ತೆ ಕೊಡಿ. ಇತ್ತ ತಾಯಿ ಹಾವಿನ ಮೈಯನ್ನು ಬೆಚ್ಚಗಿನ ನೀರಿನಲ್ಲಿ ಒರೆಸಿ, ಅದರ ಗೂಡಿನ ಹಾಸನ್ನೂ ಬದಲಿಸಿರಬೇಕು. ಮೊಟ್ಟೆಯ ವಾಸನೆ ಮೂಗಿಗೆ ಬಡಿಯುತ್ತಿರುವವರೆಗೆ ಅದು ಮೊಟ್ಟೆ ಕಾಯುತ್ತಲೇ ಇರುತ್ತದೆ, ಇಲಿ ಎದುರಿಗಿಟ್ಟರೂ ಬಾಯಿ ಹಾಕುವುದಿಲ್ಲ.

ನಮಸ್ಕಾರ.