ಕೆಂಪು ಹರಳಿನ ಹಿಂದೆ, ಬೆಂಗಳೂರಿನಲ್ಲಿ

ನಮಸ್ಕಾರ. ಬೆಳಿಗ್ಗೆ ಆರೂವರೆ. ಈಗ ನೀವು ನೋಡುತ್ತಿರುವುದು ಲಾಲ್‌ಬಾಗ್ ಬಂಡೆ. ವಾಕಿಂಗ್ ಮುಗಿಸಿದವರು ಕೆಂಪೇಗೌಡರ ಗೋಪುರದ ಹತ್ತಿರ ಕೂತು ಹರಟುತ್ತಿದ್ದಾರೆ. ಅವರು ಕೂತಿರುವ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಫಲಕವೂ ಇದೆ, ಅಲ್ಲಿ ನೋಡಿ.

ಇವತ್ತಿನ ವಿಡಿಯೋ ಹರಳುಗಳ ಬಗ್ಗೆ. ಮುಖ್ಯವಾಗಿ ಒಂದೇ ಹರಳು, ಕೆಂಪು. ಮಾಣಿಕ್ಯ. ಇಲ್ಲಿಂದ ಯಾಕೆ ಶುರು ಮಾಡಿದೆ ಅಂದರೆ, ಇಷ್ಟು ದೊಡ್ಡ, ಇಷ್ಟು ಹಳೇ ಬಂಡೆಯಲ್ಲಿ ಒಂದು ಚೂರು ಮಾಣಿಕ್ಯವೂ ಹುಟ್ಟುವುದಿಲ್ಲ. ಯಾಕೆ ಹುಟ್ಟುವುದಿಲ್ಲ ಅನ್ನುವುದು ಗೊತ್ತಾದರೆ, ಅದು ಯಾಕೆ ಅಷ್ಟು ಅಪರೂಪ ಅನ್ನುವುದೂ ಗೊತ್ತಾಗುತ್ತದೆ.

ಮಾಣಿಕ್ಯ ಅಂದರೆ ಅಲ್ಯೂಮಿನಿಯಂ ಮತ್ತು ಆಮ್ಲಜನಕ, ಅಷ್ಟೇ. ಎರಡೂ ಭೂಮಿಯಲ್ಲಿ ಧಾರಾಳವಾಗಿವೆ. ತೊಂದರೆ ಏನು ಅಂದರೆ, ಪಕ್ಕದಲ್ಲಿ ಸಿಲಿಕಾ ಇದ್ದರೆ ಅಲ್ಯೂಮಿನಿಯಂ ಅದರ ಜೊತೆ ಸೇರಿಕೊಂಡುಬಿಡುತ್ತದೆ. ಆಗ ಹುಟ್ಟುವುದು ಫೆಲ್ಡ್‌ಸ್ಪಾರ್, ಅಭ್ರಕ. ಈ ಬಂಡೆಯಲ್ಲಿ ಬಿಳಿ ಪಟ್ಟೆ, ಕಪ್ಪು ಪಟ್ಟೆ ಕಾಣುತ್ತವಲ್ಲ, ಅವೇ. ಮಣ್ಣಲ್ಲಿ, ಮರಳಲ್ಲಿ, ಬಂಡೆಯಲ್ಲಿ, ಎಲ್ಲಿ ನೋಡಿದರೂ ಸಿಲಿಕಾ. ಅದು ತೀರಾ ಕಡಿಮೆ ಇರುವ ಜಾಗ ಬೇಕು. ಜೊತೆಗೆ ನೆಲದಾಳದ ಬಿಸಿ ಬೇಕು, ಒತ್ತಡ ಬೇಕು. ಆಗ ಮಾತ್ರ ಅಲ್ಯೂಮಿನಿಯಂ ಆಮ್ಲಜನಕದ ಜೊತೆಗಷ್ಟೇ ಸೇರಿ ಹರಳುಗಟ್ಟುತ್ತದೆ. ಅದಕ್ಕೆ ಕುರಂದ ಅಂತ ಹೆಸರು.

ಶುದ್ಧವಾದ ಕುರಂದಕ್ಕೆ ಬಣ್ಣವೇ ಇಲ್ಲ. ಹರಳು ಬೆಳೆಯುವಾಗ ಸ್ವಲ್ಪವೇ ಸ್ವಲ್ಪ ಕ್ರೋಮಿಯಂ ಒಳಗೆ ಹೊಕ್ಕರೆ ಕೆಂಪು. ಕಬ್ಬಿಣ, ಟೈಟಾನಿಯಂ ಎರಡೂ ಸೇರಿದರೆ ನೀಲ. ಕನಕ ಪುಷ್ಯರಾಗವೂ ಇದೇ ಕುರಂದ. ನವರತ್ನದ ಉಂಗುರದಲ್ಲಿ ಬೇರೆ ಬೇರೆ ಗ್ರಹಕ್ಕೆ ಅಂತ ಕೂರಿಸುವ ಈ ಮೂರೂ ಒಡಹುಟ್ಟಿದವು. ಅದೇ ಕ್ರೋಮಿಯಂ ಬೆರಿಲ್ ಅನ್ನುವ ಇನ್ನೊಂದು ಖನಿಜಕ್ಕೆ ಸೇರಿದರೆ ಹಸಿರು ಪಚ್ಚೆ ಆಗುತ್ತದೆ. ಇದನ್ನು ಮೊದಲ ಸಲ ಓದಿದಾಗ ನಂಬುವುದಕ್ಕೇ ಕಷ್ಟವಾಗಿತ್ತು ನನಗೆ.

ವಜ್ರದ ಕಥೆಯೇ ಬೇರೆ. ಅದು ಬರೀ ಇಂಗಾಲ. ಸುಮಾರು 150 ಕಿಲೋಮೀಟರ್ ಆಳದಲ್ಲಿ, ಅದಕ್ಕೂ ಕೆಳಗೆ ಹುಟ್ಟಿ, ಕಿಂಬರ್‌ಲೈಟ್ ಅನ್ನುವ ಶಿಲೆಯ ಸ್ಫೋಟದ ಜೊತೆ ಮೇಲೆ ಬರುತ್ತದೆ. ನಮ್ಮ ಬಳ್ಳಾರಿಯಿಂದ ಆಚೆ, ಆಂಧ್ರದ ವಜ್ರಕರೂರಿನಲ್ಲಿ ಅಂಥ ಶಿಲೆ ಇದೆ. ಆ ಸೀಮೆಯಲ್ಲಿ ಮೊದಲ ಮಳೆ ಬಿದ್ದ ಮೇಲೆ ಜನ ಹೊಲಗಳಲ್ಲಿ ತಲೆ ಬಗ್ಗಿಸಿಕೊಂಡು ವಜ್ರ ಹುಡುಕುತ್ತಾರೆ. ಈಗಲೂ! ಮುತ್ತು, ಹವಳ ಎರಡೂ ನೀರಿನ ಜೀವಿಗಳು ಕಟ್ಟಿದವು, ಕಲ್ಲೇ ಅಲ್ಲ. ಅವಕ್ಕೆ ಇನ್ನೊಂದು ವಿಡಿಯೋ ಮಾಡಬೇಕು.

ಕುರಂದ ನಮ್ಮ ರಾಜ್ಯದಲ್ಲೂ ಸಿಗುತ್ತದೆ. ಮೈಸೂರು, ಮಂಡ್ಯ ಕಡೆ ಸಿಗುವುದು ಹೆಚ್ಚಾಗಿ ಮಬ್ಬು. ಬೆಳಕು ಒಳಗೆ ಹೋಗುವುದಿಲ್ಲ. ಅಂಥದ್ದನ್ನು ಹಿಂದೆ ಪುಡಿ ಮಾಡಿ, ಅರಗಿನ ಜೊತೆ ಕಲಸಿ ಸಾಣೆ ಮಾಡುತ್ತಿದ್ದರು. ವಜ್ರವೊಂದನ್ನು ಬಿಟ್ಟರೆ ಬೇರೆ ಹರಳುಗಳನ್ನೆಲ್ಲ ಉಜ್ಜುವ ಗಟ್ಟಿತನ ಇದಕ್ಕಿದೆ. ಆದರೆ ಈ ಮಬ್ಬು ಕಲ್ಲುಗಳ ನಡುವೆಯೇ ನಕ್ಷತ್ರ ಮಾಣಿಕ್ಯ ಸಿಗುತ್ತದೆ. ನನಗೆ ತುಂಬಾ ಇಷ್ಟವಾದ ಹರಳು ಇದು.

ಅದರೊಳಗೆ ರೂಟೈಲ್ ಅನ್ನುವ ಖನಿಜದ ಸೂಜಿಗಳಿರುತ್ತವೆ, ಕಣ್ಣಿಗೆ ಕಾಣದಷ್ಟು ಸಣ್ಣವು. ಮೂರು ದಿಕ್ಕಿಗೆ ಸಾಲಾಗಿ ಮಲಗಿರುತ್ತವೆ. ಮೇಲಿನಿಂದ ಒಂದು ದೀಪ ಹಿಡಿದರೆ ಆ ಸಾಲುಗಳಿಂದ ಬೆಳಕು ವಾಪಸ್ ಬಂದು ಆರು ಗೆರೆಯ ನಕ್ಷತ್ರ ಮೂಡುತ್ತದೆ. ಕಲ್ಲನ್ನು ಅಲ್ಲಾಡಿಸಿ, ನಕ್ಷತ್ರವೂ ಜರುಗುತ್ತದೆ. ಇದಕ್ಕೆ ಮುಖಗಳನ್ನು ಕಡೆಯುವುದಿಲ್ಲ, ಗುಮ್ಮಟದ ಹಾಗೆ ನುಣ್ಣಗೆ ಉಜ್ಜುತ್ತಾರೆ. ಒರಟು ಕಲ್ಲನ್ನು ಕೈಯಲ್ಲಿ ತಿರುಗಿಸಿ ನೋಡಿ, ಸೂಜಿಗಳು ಯಾವ ಕಡೆ ಮಲಗಿವೆ ಅಂತ ಸಾಣೆಯವರು ಮೊದಲೇ ಹೇಳಬೇಕು. ಸ್ವಲ್ಪ ಓರೆಯಾಗಿ ಉಜ್ಜಿದರೆ ನಕ್ಷತ್ರ ಒಂದು ಪಕ್ಕಕ್ಕೆ ಹೋಗಿ ನಿಲ್ಲುತ್ತದೆ. ಕಲ್ಲಿನ ಬೆಲೆಯೂ ಇಳಿಯುತ್ತದೆ.

ಗಣಿ ಅಂದ ತಕ್ಷಣ ಕೋಲಾರದ ಹಾಗೆ ಆಳದ ಸುರಂಗ ನೆನಪಿಗೆ ಬರುತ್ತದೆ, ಅಲ್ವಾ? ಶ್ರೀಲಂಕಾದ ರತ್ನಪುರದಲ್ಲಿ ಹಾಗಲ್ಲ. ಮಳೆ, ನದಿ ಸೇರಿ ಬೆಟ್ಟದ ಕಲ್ಲನ್ನು ಕರಗಿಸಿ, ಹರಳುಗಳನ್ನು ಕೆಳಗೆ ತಂದು ಹಾಕಿವೆ. ಕುರಂದ ತೂಕದ ಕಲ್ಲು, ಹಾಗಾಗಿ ಗರಸಿನ ಪದರದಲ್ಲಿ ತಂಗುತ್ತದೆ. ಗದ್ದೆ ಮಧ್ಯೆ ಗುಂಡಿ ತೋಡಿ, ಮಣ್ಣು ಕುಸಿಯದ ಹಾಗೆ ಮರ ಕೊಟ್ಟು, ನೀರು ಎತ್ತಿ ಹಾಕುತ್ತಾ ಆ ಗರಸನ್ನು ಮೇಲಕ್ಕೆ ತರುತ್ತಾರೆ. ಬುಟ್ಟಿಯಲ್ಲಿ ಹಾಕಿ ನೀರಲ್ಲಿ ತಿರುಗಿಸಿದರೆ ಹಗುರವಾದದ್ದು ಆಚೆ ಹೋಗುತ್ತದೆ, ಭಾರದ್ದು ತಳದಲ್ಲಿ ಉಳಿಯುತ್ತದೆ. ಗುಂಡಿಗೆ ಇಳಿದವರಿಗೆ ಪ್ರತಿದಿನ ಹರಳು ಸಿಗುವ ಭರವಸೆ ಇಲ್ಲ. ಅಂಗಡಿಯ ಗಾಜಿನ ಡಬ್ಬಿ ನೋಡುವಾಗ ನನಗೆ ಮೊದಲು ನೆನಪಾಗುವುದು ಅವರು. ಅವರ ಹೆಸರು ಯಾವ ಬಿಲ್‌ನಲ್ಲೂ ಇರುವುದಿಲ್ಲ.

ಈಗ ಅವೆನ್ಯೂ ರೋಡಿಗೆ ಬಂದಿದ್ದೇವೆ. ಪುಸ್ತಕದ ಅಂಗಡಿ ದಾಟಿ, ರಾಜಾ ಮಾರ್ಕೆಟ್ ಕಡೆ. ಪಕ್ಕದ ನಗರ್ತಪೇಟೆಯ ಗಲ್ಲಿಗಳಲ್ಲಿ ಮಹಡಿ ಮೇಲೆ ಸಣ್ಣ ಸಣ್ಣ ಕೋಣೆ. ಒಳಗೆ ಚಿನ್ನದ ಕೆಲಸ, ಹರಳು ಕೂರಿಸುವ ಕೆಲಸ. ಹರಳು ಕಡೆಯುವ ಕೆಲಸ ದೇಶದಲ್ಲಿ ಹೆಚ್ಚಾಗಿ ನಡೆಯುವುದು ಬೇರೆ ಕಡೆ. ಬಣ್ಣದ ಹರಳು ಜೈಪುರ, ವಜ್ರ ಸೂರತ್. ಕಡೆದ ಹರಳು ಕಾಗದದ ಪೊಟ್ಟಣದಲ್ಲಿ ಇಲ್ಲಿಗೆ ಬರುತ್ತದೆ. ಕ್ಯಾರೆಟ್ ಲೆಕ್ಕ, ಐದು ಕ್ಯಾರೆಟ್ ಸೇರಿದರೆ ಒಂದು ಗ್ರಾಂ. ಕಡೆಯುವಾಗ ಒರಟು ಕಲ್ಲಿನ ಅರ್ಧಕ್ಕಿಂತ ಜಾಸ್ತಿ ಪುಡಿಯಾಗಿ ಹೋಗುವುದೂ ಉಂಟು. ತೂಕ ಉಳಿಸಬೇಕು ಅಂತ ತೆಳ್ಳಗೆ ಕಡೆದರೆ ಬೆಳಕು ತಳದಿಂದ ಸೋರಿಹೋಗಿ, ನಡುಭಾಗ ಸಪ್ಪೆಯಾಗಿ ಕಾಣುತ್ತದೆ.

ಒಬ್ಬರು ಹಿರಿಯ ವ್ಯಾಪಾರಿ ಚಿಮಟದಲ್ಲಿ ಹರಳು ಹಿಡಿದು ನನ್ನನ್ನು ಬಾಗಿಲ ಹತ್ತಿರ ಕರೆದರು. "ಒಳಗಿನ ಲೈಟಲ್ಲಿ ನೋಡಬೇಡಿ ಮೇಡಂ, ಇಲ್ಲಿ ಬಂದು ನೋಡಿ" ಅಂದರು. ಹಳದಿ ದೀಪದ ಕೆಳಗೆ ಕೆಂಪು ಹರಳು ಇನ್ನಷ್ಟು ಕೆಂಪಾಗಿ ಕಾಣುತ್ತದೆ. ಹಗಲು ಬೆಳಕಿನಲ್ಲಿ ಅದರ ನಿಜವಾದ ಬಣ್ಣ ಗೊತ್ತಾಗುತ್ತದೆ. ಅವರ ಮೇಲೆ ಗೌರವ ಬಂತು.

ಮನುಷ್ಯರೂ ಮಾಣಿಕ್ಯ ಮಾಡುತ್ತಾರೆ. ಫ್ರಾನ್ಸ್‌ನ ಆಗಸ್ಟ್ ವರ್ನ್ಯೂಯ್ 1902ರಲ್ಲಿ ಆ ದಾರಿ ಲೋಕಕ್ಕೆ ತೋರಿಸಿದರು. ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಮತ್ತು ಆಮ್ಲಜನಕ ಸೇರಿದ ಪುಡಿಗೆ ಚೂರು ಕ್ರೋಮಿಯಂ ಸೇರಿಸಿ, 2000 ಡಿಗ್ರಿ ದಾಟಿದ ಜ್ವಾಲೆಯಲ್ಲಿ ಕರಗಿಸಿ ತೊಟ್ಟು ತೊಟ್ಟಾಗಿ ಬೆಳೆಸುವುದು. ಕೆಲವೇ ಗಂಟೆಗಳಲ್ಲಿ ಹರಳು ತಯಾರು. ನಿಮ್ಮ ತಾತನ ಎಚ್‌ಎಂಟಿ ಜನತಾ ವಾಚ್ ಮನೆಯಲ್ಲಿದ್ದರೆ ಡಯಲ್ ನೋಡಿ, 17 ಜ್ಯುವೆಲ್ಸ್ ಅಂತ ಬರೆದಿರುತ್ತದೆ. ಅವು ಇಂಥ ಕೃತಕ ಮಾಣಿಕ್ಯಗಳು. ಗಾಲಿಗಳ ತುದಿ ತಿರುಗುವ ಜಾಗದಲ್ಲಿ ಸವೆಯದ ಹಾಗೆ ಕೂರಿಸಿದವು. ಜಪಾನಿನ ಸಿಟಿಜನ್ ಜೊತೆ ಸೇರಿ ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲೇ ವಾಚ್ ಕಾರ್ಖಾನೆ ಶುರು ಮಾಡಿತು. ಈ ಊರಿನ ಎಷ್ಟೋ ಮಧ್ಯಮ ವರ್ಗದವರು ಗೊತ್ತಿಲ್ಲದೆಯೇ ಮಾಣಿಕ್ಯ ಕಟ್ಟಿಕೊಂಡು ಬಸ್ ಹತ್ತಿದ್ದಾರೆ. ನನಗೆ ಇದು ಬಹಳ ಚೆಂದದ ವಿಷಯ ಅನ್ನಿಸುತ್ತದೆ.

ಹಾಗಾದರೆ ಕೃತಕ ಅಂದರೆ ಮೋಸವೇ? ಅಲ್ಲ. ಕೃತಕ ಅಂತ ಹೇಳಿ ಮಾರಿದರೆ ಅದು ಒಳ್ಳೇ ವಸ್ತು. ಹೇಳದೆ ಮಾರಿದರೆ ಮೋಸ. ಕಾಯಿಸುವುದೂ ಹಾಗೇ. ಇವತ್ತು ಮಾರುಕಟ್ಟೆಯಲ್ಲಿರುವ ಮಾಣಿಕ್ಯ, ನೀಲಗಳಲ್ಲಿ ಹೆಚ್ಚಿನವು ಬಣ್ಣ ತಿಳಿಯಾಗಲಿ ಅಂತ ಕುಲುಮೆಯಲ್ಲಿ ಕಾಯಿಸಿದವು. ಅದನ್ನು ವ್ಯಾಪಾರದಲ್ಲಿ ಒಪ್ಪಿಕೊಂಡಿದ್ದಾರೆ. ನನಗೆ ಸಿಟ್ಟು ಬರುವುದು ಸೀಸದ ಗಾಜು ತುಂಬಿದ ಮಾಣಿಕ್ಯವನ್ನು ಮುಚ್ಚಿಟ್ಟು ಮಾರುವಾಗ. ಬಿರುಕು ತುಂಬಿದ ಅಗ್ಗದ ಕಲ್ಲಿಗೆ ಗಾಜು ಇಳಿಸಿರುತ್ತಾರೆ. ನೋಡುವುದಕ್ಕೆ ಝಗಮಗ. ನಿಂಬೆರಸ ತಾಗಿದರೂ ಆ ಗಾಜು ಹಾಳಾಗುತ್ತದೆ. ಉಂಗುರ ರಿಪೇರಿಗೆ ಕೊಟ್ಟು, ಬೆಂಕಿ ತಾಗಿದರೆ ಮುಗಿಯಿತು.

ಬರಿಗಣ್ಣಿಗೆ ಇದೆಲ್ಲ ಗೊತ್ತಾಗುವುದಿಲ್ಲ. ಲ್ಯಾಬ್‌ನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಜ್ವಾಲೆಯಲ್ಲಿ ಬೆಳೆದ ಹರಳಿನಲ್ಲಿ ಬಾಗಿದ ಗೆರೆ, ಗಾಳಿಗುಳ್ಳೆ ಕಾಣುತ್ತವೆ. ನೆಲದಲ್ಲಿ ಬೆಳೆದದ್ದರ ಗೆರೆಗಳು ನೇರ, ಅಥವಾ ಮೂಲೆ ತಿರುಗಿದವು. ಅಜ್ಜಿಯ ಕೆಂಪಿನ ಓಲೆ ಹಳೇದು ಅಂದಮಾತ್ರಕ್ಕೆ ಗಣಿಯದ್ದೇ ಇರಬೇಕಿಲ್ಲ, ಕೃತಕ ಮಾಣಿಕ್ಯಕ್ಕೇ ನೂರು ದಾಟಿದೆ. ಹಾಗಂತ ಓಲೆಯ ಮೇಲಿನ ಪ್ರೀತಿ ಕಡಿಮೆ ಆಗಬೇಕಿಲ್ಲ.

ಕೊಳ್ಳುವವರಿಗೆ ಒಂದು ಮಾತು. ಹಾಲ್‌ಮಾರ್ಕ್ ಹೇಳುವುದು ಚಿನ್ನದ ಶುದ್ಧತೆಯನ್ನು, ಹರಳಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಬಿಲ್‌ನಲ್ಲಿ ಚಿನ್ನದ ತೂಕ ಬೇರೆ, ಹರಳಿನ ತೂಕ ಬೇರೆ ಇರಲಿ. ಇಲ್ಲದಿದ್ದರೆ ಕಲ್ಲಿಗೂ ಚಿನ್ನದ ರೇಟು ಕೊಟ್ಟಂತಾಗುತ್ತದೆ. ಹರಳು ನೈಸರ್ಗಿಕವೋ ಕೃತಕವೋ, ಕಾಯಿಸಿದ್ದೋ, ಗಾಜು ತುಂಬಿದ್ದೋ ಅಂತ ಕೇಳಿ, ಅಲ್ಲೇ ಬರೆಸಿಕೊಳ್ಳಿ. ಜಾಸ್ತಿ ಬೆಲೆಯದ್ದಾದರೆ ಲ್ಯಾಬ್ ವರದಿ ಕೇಳಿ. ಕೇಳಿದ್ದಕ್ಕೆ ಮುಖ ಗಂಟು ಹಾಕಿಕೊಂಡರೆ ಎದ್ದು ಬನ್ನಿ, ರಾಜಾ ಮಾರ್ಕೆಟ್‌ನಲ್ಲಿ ಪಕ್ಕದಲ್ಲೇ ಇನ್ನೊಂದು ಅಂಗಡಿ ಇರುತ್ತದೆ.